ಬಣ್ಣ ಬಳಿಯುವ ಮೊದಲೇ ನೋಡಬೇಕು

ಬೆಂಗಳೂರಿನ ಹೊರವಲಯದಲ್ಲಿ ಹೆದ್ದಾರಿ ಬಿಟ್ಟು ಮಣ್ಣು ರಸ್ತೆಗೆ ಇಳಿದರೆ, ನೀಲಗಿರಿ ತೋಪು ಮುಗಿಯುವ ಕಡೆ ಈ ಯಾರ್ಡಿನ ಗೇಟು ಸಿಗುತ್ತದೆ. ಹಳೆಯ ಕಂಟೇನರ್‌ಗಳನ್ನು ಮಾರುವುದು, ಬೇಕೆಂದವರಿಗೆ ಅವಕ್ಕೆ ಕಿಟಕಿ ಬಾಗಿಲು ಕೂರಿಸಿ ಆಫೀಸೋ ಉಗ್ರಾಣವೋ ಮಾಡಿಕೊಡುವುದು, ಪಕ್ಕದ ಶೆಡ್ಡಿನಲ್ಲಿ ಪೋರ್ಟಾ ಕ್ಯಾಬಿನ್ ಕಟ್ಟುವುದು ಇಲ್ಲಿಯ ಕೆಲಸ. ಶಿರಾ ಕಡೆ ತೋಟ ಮಾಡುವ ನಮ್ಮ ದೊಡ್ಡಪ್ಪನ ಮಗನಿಗೆ ಪಂಪ್‌ಸೆಟ್ಟು, ಕೇಬಲ್ಲು, ಡ್ರಿಪ್ ಪೈಪು ಇಡಲು ಭದ್ರವಾದ ಜಾಗ ಬೇಕಾಗಿತ್ತು. ಶೀಟಿನ ಶೆಡ್ಡಿನಿಂದ ಕೇಬಲ್ ಕಳುವಾಗುವುದು, ಮರಕ್ಕೆ ಗೆದ್ದಲು ಹತ್ತುವುದು, ಪೈಪನ್ನು ಹೆಗ್ಗಣ ಕಡಿಯುವುದು ತೋಟ ಇರುವವರಿಗೆಲ್ಲ ಗೊತ್ತಿರುವ ತಾಪತ್ರಯ. ಅಣ್ಣನ ಜೊತೆ ನಾನೂ ಹೊರಟೆ. ಕಬ್ಬಿಣದ ಪೆಟ್ಟಿಗೆಯೊಂದನ್ನು ನೋಡಿ ಇದು ಒಳ್ಳೆಯದು, ಇದು ಬೇಡ ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬ ಕುತೂಹಲ ನನ್ನದು.

ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ಹೊಸ ಬಣ್ಣ ಎಲ್ಲೂ ಕಾಣದಿರುವುದು. ನಗರದ ಸುತ್ತಮುತ್ತ ರಸ್ತೆ ಬದಿಯಲ್ಲಿ ಮಾರಾಟಕ್ಕಿಟ್ಟ ಕಂಟೇನರ್‌ಗಳು ಸಾಮಾನ್ಯವಾಗಿ ಮಿರಮಿರ ಮಿಂಚುತ್ತಿರುತ್ತವೆ. ಇಲ್ಲಿಯವು ಹಡಗಿನಿಂದ ಇಳಿದ ಸ್ಥಿತಿಯಲ್ಲೇ ಇದ್ದವು: ಇಟ್ಟಿಗೆಗೆಂಪು, ಕಡುನೀಲಿ, ಮಾಸಿದ ಹಸಿರು. ಮೈತುಂಬ ಸೀಮೆಸುಣ್ಣದ ಗುರುತುಗಳು. ದುಂಡಗೆ ಗೆರೆ ಎಳೆದಲ್ಲಿ ತುಕ್ಕು, ಇಂಟು ಮಾರ್ಕು ಹಾಕಿದಲ್ಲಿ ತೂತು, ಉದ್ದ ಗೆರೆ ಇದ್ದಲ್ಲಿ ಡೆಂಟು. ಗಿರಾಕಿ ಬರುವ ಮೊದಲೇ ಯಾರ್ಡಿನವರೇ ಹಾಕಿಟ್ಟ ಗುರುತುಗಳಂತೆ ಇವು. “ಪೇಂಟು ಹೊಡೆದ ಮೇಲೆ ನಿಮಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ ಸರ್. ನೀವು ನೋಡಿ ಒಪ್ಪಿದ ಮೇಲೆ ರಿಪೇರಿ, ಆಮೇಲೆ ಪೇಂಟು” ಎಂದರು ನಮ್ಮನ್ನು ಕರೆದುಕೊಂಡು ಹೊರಟ ಸೂಪರ್‌ವೈಸರ್. ಈ ಒಂದು ಪದ್ಧತಿಯಿಂದಲೇ ನನಗೆ ಆ ಜಾಗದ ಮೇಲೆ ಅರ್ಧ ನಂಬಿಕೆ ಬಂತು. ತಮ್ಮ ಮಾಲಿನ ಕುಂದನ್ನು ತಾವೇ ಗುರುತು ಹಾಕಿ ಬಿಸಿಲಿಗೆ ನಿಲ್ಲಿಸುವವರು ವ್ಯಾಪಾರದಲ್ಲಿ ಹೆಚ್ಚು ಜನ ಸಿಗುವುದಿಲ್ಲ.

ಸಮುದ್ರವೇ ಇಲ್ಲದ ಊರಿಗೆ ಇಷ್ಟು ಕಂಟೇನರ್‌ಗಳು ಬರುವುದು ರೈಲಿನಲ್ಲಿ ಮತ್ತು ಟ್ರೈಲರ್ ಮೇಲೆ. ಚೆನ್ನೈ ಬಂದರಿನಿಂದ ವೈಟ್‌ಫೀಲ್ಡಿನ ಒಳನಾಡು ಡಿಪೋಗೆ ಕಂಟೇನರ್ ರೈಲುಗಳು ಬರುತ್ತವೆ. ಹತ್ತು ಹದಿನೈದು ವರ್ಷ ಸಮುದ್ರದ ಮೇಲೆ ಓಡಾಡಿದ ಪೆಟ್ಟಿಗೆಗಳನ್ನು ಹಡಗು ಕಂಪನಿಗಳು ಕೈಬಿಟ್ಟಾಗ ಅವು ಇಂಥ ಯಾರ್ಡುಗಳಿಗೆ ಸೇರುತ್ತವೆ.

ಮೊದಲ ಸಾಲಿನಲ್ಲಿ ಇಪ್ಪತ್ತಡಿಯವು. ಹೊರಗಿನ ಉದ್ದ 6.06 ಮೀಟರ್, ಅಗಲ 2.44, ಎತ್ತರ 2.59. ಪಕ್ಕದ ಸಾಲಿನಲ್ಲಿ ನಲವತ್ತಡಿಯವು, 12.19 ಮೀಟರ್ ಉದ್ದ. ಅವುಗಳಲ್ಲಿ ಕೆಲವು ಒಂದಡಿ ಹೆಚ್ಚು ಎತ್ತರ. ಅವನ್ನು ಹೈಕ್ಯೂಬ್ ಅನ್ನುತ್ತಾರೆ. ಬಾಗಿಲ ಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ. ಮೊದಲ ಮೂರು ಅಕ್ಷರ ಒಡೆಯನ ಗುರುತು. ನಾಲ್ಕನೆಯದು ಯು ಆಗಿದ್ದರೆ ಅದು ಸರಕಿನ ಕಂಟೇನರ್. ಚೌಕದೊಳಗಿನ ಅಂಕಿಗೆ ಒಂದು ಲೆಕ್ಕವಿದೆ: ಅಕ್ಷರಗಳಿಗೆ ಗೊತ್ತುಪಡಿಸಿದ ಬೆಲೆ ಕೊಟ್ಟು, ಪ್ರತಿ ಸ್ಥಾನವನ್ನೂ 1, 2, 4, 8 ಹೀಗೆ ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆಗಳಿಂದ ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಉಳಿಯುವ ಶೇಷ ಅದು. ಎಲ್ಲಾದರೂ ಒಂದು ಅಂಕಿ ತಪ್ಪಿ ಬರೆದಿದ್ದರೆ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ. ಕೆಳಗೆ 22ಜಿ1 ಎಂದಿದ್ದರೆ ಇಪ್ಪತ್ತಡಿಯ ಸಾಮಾನ್ಯ ಎತ್ತರದ ಪೆಟ್ಟಿಗೆ, 45ಜಿ1 ಎಂದಿದ್ದರೆ ನಲವತ್ತಡಿಯ ಹೈಕ್ಯೂಬ್. ಕಾಗದದಲ್ಲಿರುವ ನಂಬರು, ಬಾಗಿಲ ಮೇಲಿನ ನಂಬರು ಎರಡೂ ಒಂದೇ ಇವೆಯೇ ಎಂದು ಆಮೇಲೆ ಹೋಲಿಸಲು ಅಣ್ಣ ಫೋನಿನಲ್ಲಿ ಫೋಟೊ ತೆಗೆದುಕೊಂಡ.

ಬಾಗಿಲಿಗೆ ರಿವೆಟ್ ಹೊಡೆದ ಲೋಹದ ಫಲಕವನ್ನು ಸೂಪರ್‌ವೈಸರ್ ಬಟ್ಟೆಯಲ್ಲಿ ಒರೆಸಿ ತೋರಿಸಿದರು. ಕಂಟೇನರ್‌ಗಳ ಸುರಕ್ಷತೆಗಾಗಿ 1972ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ಸಿಎಸ್‌ಸಿ ಫಲಕ ಅದು. ತಯಾರಾದ ತಿಂಗಳು, ವರ್ಷ, ತುಂಬಿದಾಗ ತೂಗಬಹುದಾದ ಗರಿಷ್ಠ ತೂಕ 30,480 ಕಿಲೋ, ಮೇಲೆ ಪೇರಿಸಬಹುದಾದ ಭಾರ ಎಲ್ಲವೂ ಅದರಲ್ಲಿದೆ. ತಯಾರಾದ 5 ವರ್ಷದೊಳಗೆ ಮೊದಲ ತಪಾಸಣೆ, ಆಮೇಲೆ 30 ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ನಿಯಮ. ಕಂಪನಿಗಳು ನಿರಂತರ ತಪಾಸಣೆಯ ವ್ಯವಸ್ಥೆಯನ್ನೂ ಇಟ್ಟುಕೊಳ್ಳಬಹುದು. ಮತ್ತೆ ಹಡಗು ಹತ್ತಬೇಕಾದ ಕಂಟೇನರ್‌ಗೆ ಇದು ಚಾಲ್ತಿಯಲ್ಲಿರಲೇಬೇಕು. ಅದನ್ನು ‘ಕಾರ್ಗೋ ವರ್ದಿ’ ಎಂದು ಬೆಲೆ ಹೆಚ್ಚಿಟ್ಟು ಮಾರುತ್ತಾರೆ. ಒಂದು ಮೆಟ್ಟಿಲು ಕೆಳಗಿನದು ಗಾಳಿ ನೀರು ಒಳಗೆ ಬಾರದ ‘ವಿಂಡ್ ಅಂಡ್ ವಾಟರ್ ಟೈಟ್’. ಅದಕ್ಕಿಂತ ಕೆಳಗೆ ‘ಆಸ್ ಈಸ್’, ಅಂದರೆ ಹೇಗಿದೆಯೋ ಹಾಗೆ. ತೋಟದಲ್ಲಿ ಕೂರುವ ಪೆಟ್ಟಿಗೆಗೆ ಹಡಗಿನ ಅರ್ಹತೆಗಾಗಿ ದುಡ್ಡು ಸುರಿಯುವುದು ವ್ಯರ್ಥ, ಗಾಳಿ ನೀರು ತಡೆಯುವ ದರ್ಜೆ ಸಾಕು ಎಂದು ನನಗೂ ಅನ್ನಿಸಿತು, ಸೂಪರ್‌ವೈಸರ್ ಕೂಡ ಅದನ್ನೇ ಹೇಳಿದರು. ಮಾರುವವರು ಕಡಿಮೆ ಬೆಲೆಯದನ್ನು ತಾವಾಗಿ ತೋರಿಸಿದ್ದು ಅಣ್ಣನಿಗೆ ಹಿಡಿಸಿತು.

ಬಾಗಿಲ ಹತ್ತಿರ ಬಹಳ ಹೊತ್ತು ನಿಂತೆವು. ಎರಡು ರೆಕ್ಕೆ, ಒಂದೊಂದಕ್ಕೆ ಎರಡು ಉದ್ದ ಸರಳು, ಸರಳಿನ ಮೇಲ್ತುದಿ ಕೆಳತುದಿಗಳಲ್ಲಿ ಚೌಕಟ್ಟಿನ ಕೊಂಡಿಗೆ ಸಿಕ್ಕಿಕೊಳ್ಳುವ ದಪ್ಪ ಹಲ್ಲುಗಳು. ಬಲರೆಕ್ಕೆ ಎಡರೆಕ್ಕೆಯ ಅಂಚಿನ ಮೇಲೆ ಬಂದು ಕೂರುವುದರಿಂದ ಯಾವಾಗಲೂ ಬಲಗಡೆಯದನ್ನೇ ಮೊದಲು ತೆರೆಯಬೇಕು. ನಾನು ಹಿಡಿ ಎತ್ತಿ ಎಳೆದೆ. ಜಗ್ಗಲಿಲ್ಲ. ಅಣ್ಣನೂ ಭುಜ ಕೊಟ್ಟು ನೋಡಿದ. ಬಾಗಿಲು ಕೆಟ್ಟಿದೆ, ಇದು ಬೇಡ ಎನ್ನುವಷ್ಟರಲ್ಲಿ ಸೂಪರ್‌ವೈಸರ್ ಹೈಡ್ರಾ ಕರೆಸಿದರು. ಕ್ರೇನಿನಿಂದ ಒಂದು ಮೂಲೆಯನ್ನು ಸ್ವಲ್ಪ ಎತ್ತಿಸಿ ಅಡಿಗೆ ಮರದ ಹಲಗೆ ಇಟ್ಟು ಇಳಿಸಿದರು. ಈ ಸಲ ಅದೇ ಬಾಗಿಲು ಒಂದೇ ಕೈಗೆ ತೆರೆದುಕೊಂಡಿತು. ನೆಲ ಮಟ್ಟವಾಗಿಲ್ಲದಿದ್ದರೆ ಇಡೀ ಚೌಕಟ್ಟು ಓರೆಯಾಗಿ ತಿರುಚಿಕೊಳ್ಳುತ್ತದೆ, ಬಾಗಿಲು ಬಿಗಿಯುತ್ತದೆ. ಮನೆಗೆ ತಂದಿಟ್ಟ ಮೇಲೆ ಬಾಗಿಲು ಹಾಕಲು ಬರುತ್ತಿಲ್ಲ ಎಂಬ ದೂರಿಗೆ ಅಡಿಪಾಯ ಕಾರಣವಾಗಿರುವುದೂ ಉಂಟು, ಪೆಟ್ಟಿಗೆಯೇ ಕಾರಣವಾಗಿರುವುದೂ ಉಂಟು. ಯಾವುದು ಎಂದು ತಿಳಿಯಲು ಅವರು ಟೇಪು ಹಿಡಿದು ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನೂ ಅಳೆದರು. ಮಟ್ಟವಾದ ನೆಲದ ಮೇಲೂ ಎರಡು ಅಳತೆ ಹೊಂದದಿದ್ದರೆ ಎಲ್ಲೋ ಪೆಟ್ಟು ಬಿದ್ದು ಚೌಕಟ್ಟೇ ಬಾಗಿದೆ ಎಂದರ್ಥ.

ಬಾಗಿಲ ಸುತ್ತಲ ರಬ್ಬರ್ ಗ್ಯಾಸ್ಕೆಟ್ಟಿನ ಮೇಲೆ ಬೆರಳಾಡಿಸಿದೆ. ಮೇಲ್ಭಾಗ ಮೆತ್ತಗಿತ್ತು, ಕೆಳಮೂಲೆಯಲ್ಲಿ ಒಣಗಿ ಬಿರುಕುಬಿಟ್ಟು ಒಂದು ಗೇಣು ಕಿತ್ತು ಬಂದಿತ್ತು. ಅಲ್ಲಿಯೂ ಸೀಮೆಸುಣ್ಣದ ಗೆರೆ. ಇದನ್ನು ಬದಲಿಸಿ ಕೊಡುತ್ತೇವೆ ಎಂದು ಅವರು ಚೀಟಿಯಲ್ಲಿ ಬರೆದುಕೊಂಡರು.

ನಂತರ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡೆವು. ಹಾಕುವ ಮೊದಲು ಸೂಪರ್‌ವೈಸರ್ ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿ, ಕರೆಯುವವರೆಗೆ ಅಲ್ಲಾಡಬೇಡ ಎಂದು ಗಟ್ಟಿಯಾಗಿ ಹೇಳಿದರು. ಈ ಬಾಗಿಲನ್ನು ಒಳಗಿನಿಂದ ತೆರೆಯಲು ಬರುವುದಿಲ್ಲ. ಹಿಡಿ, ಸರಳು, ಕೊಂಡಿ ಎಲ್ಲವೂ ಹೊರಗೇ ಇರುತ್ತವೆ. ತೋಟದಲ್ಲಿ ಮಕ್ಕಳು ಓಡಾಡುತ್ತಾರೆ, ಕಣ್ಣಾಮುಚ್ಚಾಲೆ ಆಡುತ್ತಾರೆ. ಬಿಸಿಲಿನಲ್ಲಿ ಕಾದ ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಮಗು ಸಿಕ್ಕಿಕೊಳ್ಳುವುದನ್ನು ನೆನೆಯಲೂ ಆಗುವುದಿಲ್ಲ. ಪಕ್ಕದ ಗೋಡೆಯಲ್ಲಿ ಒಳಚಿಲಕವಿರುವ ಸಣ್ಣ ಬಾಗಿಲನ್ನು ಕೂರಿಸಲೇಬೇಕೆಂದು ನಾನು ಅಣ್ಣನಿಗೆ ಅಲ್ಲೇ ಹೇಳಿದೆ. ಖರ್ಚು ಹೆಚ್ಚಾದರೂ ಈ ವಿಷಯದಲ್ಲಿ ರಾಜಿ ಬೇಡ.

ಕತ್ತಲು ಕಣ್ಣಿಗೆ ಒಗ್ಗಲು ಒಂದೆರಡು ನಿಮಿಷ ಹಿಡಿಯಿತು. ತೂತು ಹುಡುಕುವ ಹಳೆಯ ಉಪಾಯ ಇದು: ಹೊರಗೆ ಬಿಸಿಲು, ಒಳಗೆ ಕತ್ತಲು, ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ನೀರೂ ತೂರುತ್ತದೆ. ಮೇಲಂಚಿನಲ್ಲಿ ಗಾಳಿಕಿಂಡಿಗಳಿದ್ದರೂ ಅವುಗಳಿಗೆ ಅಡ್ಡತಡೆ ಇರುವುದರಿಂದ ನೇರ ಬೆಳಕು ಬರುವುದಿಲ್ಲ. ಛಾವಣಿಯ ನಡುವೆ ಸೂಜಿಮೊನೆಯಷ್ಟು ಒಂದು ಚುಕ್ಕೆ ಕಂಡಿತು. ಹಿಂಗೋಡೆಯ ತಳದಲ್ಲಿ, ಉಕ್ಕು ಮತ್ತು ಪ್ಲೈವುಡ್ ಸೇರುವಲ್ಲಿ, ಕೂದಲೆಳೆಯಂಥ ಒಂದು ಬೆಳಕಿನ ಗೆರೆ. ಛಾವಣಿಯದಕ್ಕೆ ಹೊರಗೆ ಗುರುತಿತ್ತು, ತಳದ್ದಕ್ಕೆ ಇರಲಿಲ್ಲ. ಸೂಪರ್‌ವೈಸರ್ ಕೂಡ ಅದನ್ನು ಆಗಷ್ಟೇ ನೋಡಿದ್ದೆಂದು ತೋರುತ್ತದೆ. ಫೋನಿನ ಟಾರ್ಚು ಹಚ್ಚಿ ಒಳಗಡೆಯಿಂದಲೇ ಇಂಟು ಮಾರ್ಕು ಹಾಕಿದರು.

ಗೋಡೆಯ ಉಕ್ಕು ತೆಳು, ಹೆಚ್ಚಿನ ಕಡೆ 1.6 ಮಿಲಿಮೀಟರ್. ಛಾವಣಿ 2 ಮಿಲಿಮೀಟರ್. ಅಲೆ ಅಲೆಯಾಗಿ ಮಡಿಚಿರುವುದರಿಂದ ಅಷ್ಟು ತೆಳುವಾದರೂ ಗಟ್ಟಿ ನಿಲ್ಲುತ್ತದೆ. ಇದು ಕಾರ್ಟೆನ್ ಉಕ್ಕು. ತಾಮ್ರ, ಕ್ರೋಮಿಯಂ, ನಿಕ್ಕಲ್, ರಂಜಕ ಸ್ವಲ್ಪ ಸ್ವಲ್ಪ ಬೆರೆಸಿರುವ ಇದರ ಮೈಮೇಲೆ ಮೊದಲು ಕಟ್ಟುವ ತುಕ್ಕು ಒತ್ತಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಉಪ್ಪುನೀರು ನಿಂತಲ್ಲಿ ಮಾತ್ರ ಈ ಗುಣ ಕೆಲಸ ಮಾಡುವುದಿಲ್ಲ. ಹಾಗಾಗಿ ಎಲ್ಲ ತುಕ್ಕೂ ಕೆಟ್ಟದ್ದಲ್ಲ. ಸೂಪರ್‌ವೈಸರ್ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು. ಗಟ್ಟಿ ಜಾಗದಲ್ಲಿ ಠಣ್ ಎಂದು ಕೇಳಿತು, ಹೊಪ್ಪಳೆ ಎದ್ದ ಕಡೆ ಸದ್ದು ಮಂಕಾಗಿ ಚೂರುಗಳು ಉದುರಿದವು. ನಾಲ್ಕಾರು ಕಡೆ ನಾನೂ ತಟ್ಟಿ ನೋಡಿದೆ. ವ್ಯತ್ಯಾಸ ಕೆಲವೆಡೆ ತಿಳಿಯಿತು, ಕೆಲವೆಡೆ ತಿಳಿಯಲಿಲ್ಲ. ಅದಕ್ಕೆ ಕಿವಿ ಪಳಗಬೇಕು.

ನೆಲ 28 ಮಿಲಿಮೀಟರ್ ದಪ್ಪದ ಪ್ಲೈವುಡ್. ಬಗ್ಗಿ ಮೂಸಿ ನೋಡಿ ಎಂದರು, ಮೂಸಿದೆ. ಹಳೆ ಮರದ ವಾಸನೆ, ಅದರೊಳಗೆ ಎಣ್ಣೆಯದೊಂದು ಎಳೆ. ಮಧ್ಯದಲ್ಲಿ ಕಪ್ಪು ಕಲೆ ಇತ್ತು. ಗ್ರೀಸೋ ರಾಸಾಯನಿಕವೋ ನೋಡಿ ಹೇಳುವಂತಿರಲಿಲ್ಲ. ಹೊರಗೋಡೆಯ ಮೇಲೆ ಅಪಾಯಕಾರಿ ಸರಕಿಗೆ ಅಂಟಿಸುವ ವಜ್ರಾಕಾರದ ಸ್ಟಿಕ್ಕರಿನ ಪಳೆಯುಳಿಕೆ ಇದೆಯೇ ಎಂದು ಹೋಗಿ ನೋಡಿದೆವು. ಇರಲಿಲ್ಲ. ಆದರೂ ಆ ಹಲಗೆಯನ್ನು ಬದಲಿಸಲು ಕೇಳಿಕೊಳ್ಳುವುದು ಒಳ್ಳೆಯದು ಎಂದು ನಿರ್ಧರಿಸಿದೆವು. ಇನ್ನೊಂದು ವಿಷಯ: ಈ ಪ್ಲೈವುಡ್ಡಿಗೆ ತಯಾರಾಗುವಾಗಲೇ ಕೀಟನಾಶಕ ಹಾಕಿರುತ್ತಾರೆ, ಯಾವುದನ್ನು ಯಾವಾಗ ಹಾಕಿದ್ದು ಎಂದು ಬಾಗಿಲ ಫಲಕದಲ್ಲೇ ಬರೆದಿರುತ್ತದೆ. ಗೆದ್ದಲಿನ ಭಯ ಕಡಿಮೆ ಎಂಬುದು ಅಣ್ಣನಿಗೆ ಲಾಭ. ಆದರೆ ಅದೇ ನೆಲದ ಮೇಲೆ ರಾಗಿಯನ್ನೋ ಹಿಂಡಿಯನ್ನೋ ನೇರವಾಗಿ ಸುರಿಯಬಾರದು. ನಮ್ಮದೇ ಪಣಂಬೂರಿನ ಬಂದರಿನಿಂದ ಕಾಫಿ, ಗೋಡಂಬಿ ಕಳಿಸುವವರು ತುಂಬುವ ಮೊದಲು ಕಂಟೇನರ್ ಒಣಗಿದೆಯೇ, ವಾಸನೆಯಿದೆಯೇ ಎಂದು ಇಷ್ಟೇ ಕಾಳಜಿಯಿಂದ ನೋಡುತ್ತಾರೆ.

ಹೊರಗೆ ಬಂದ ಮೇಲೆ ಹೈಡ್ರಾ ಪೆಟ್ಟಿಗೆಯನ್ನು ಮೇಲೆತ್ತಿತು. ಇಪ್ಪತ್ತಡಿಯ ಖಾಲಿ ಕಂಟೇನರ್ ಸುಮಾರು 2,200 ಕಿಲೋ ತೂಗುತ್ತದೆ. ಅದು ತೂಗಾಡುತ್ತಿರುವಾಗ ಯಾರೂ ಅಡಿಗೆ ಹೋಗಲಿಲ್ಲ. ನಾಲ್ಕು ಮೂಲೆಗೂ ಮರದ ದಿಮ್ಮಿಗಳನ್ನು ಪೇರಿಸಿ, ಅದರ ಮೇಲೆ ಇಳಿಸಿ, ಆಮೇಲೆ ಬಗ್ಗಿ ನೋಡಿದೆವು. ಪ್ಲೈವುಡ್ಡನ್ನು ಹೊತ್ತ ಅಡ್ಡಪಟ್ಟಿಗಳು ಒಂದರ ಹಿಂದೆ ಒಂದು ಸಾಲಾಗಿದ್ದವು. ಬಹುತೇಕ ಎಲ್ಲಕ್ಕೂ ಡಾಂಬರಿನಂಥ ಕಪ್ಪು ಲೇಪ. ಈ ಲೇಪವೇ ಮೋಸಕ್ಕೂ ಅನುಕೂಲ, ಏಕೆಂದರೆ ಅದರ ಹಿಂದೆ ಏನಾಗಿದೆ ಎಂದು ಕಾಣುವುದಿಲ್ಲ. ಸೂಪರ್‌ವೈಸರ್ ಸ್ಕ್ರೂಡ್ರೈವರ್ ಕೊಟ್ಟು ಚುಚ್ಚಿ ನೋಡಿ ಎಂದರು. ಅಣ್ಣ ಒಂದೊಂದಾಗಿ ಚುಚ್ಚುತ್ತ ಹೋದ. ಬಾಗಿಲಿನ ಹತ್ತಿರದ ಒಂದು ಪಟ್ಟಿಯಲ್ಲಿ ಮೊನೆ ಸಲೀಸಾಗಿ ಒಳಗೆ ಇಳಿಯಿತು. ಆ ಪಟ್ಟಿಯನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಇದು ಬಹಳ ದೊಡ್ಡ ದೋಷವಲ್ಲ, ಆದರೆ ಕಾಣದೆ ಕೊಂಡಿದ್ದರೆ ನೆಲ ಅಲ್ಲೇ ಕುಸಿಯಲು ಶುರುವಾಗುತ್ತಿತ್ತು. ಕಂಟೇನರ್ ಕೊಳ್ಳುವವರು ನೋಡಲೇಬೇಕಾದ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ ಅಡಿಯನ್ನು ತೋರಿಸುತ್ತೇನೆ. ಅದನ್ನು ಎತ್ತಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬಾರದು.

ಏಣಿ ಹತ್ತಿ ಛಾವಣಿಯನ್ನೂ ನೋಡಿದೆ, ಅಂಚಿನಲ್ಲೇ ನಿಂತು. ನಡುವೆ ತಗ್ಗು, ತಗ್ಗಿನಲ್ಲಿ ನೀರು ನಿಂತು ಒಣಗಿದ ಕಲೆ, ಕಲೆಯ ನಡುವೆ ಆ ಸೂಜಿಮೊನೆಯ ತೂತು. ಪಕ್ಕದಲ್ಲೊಂದು ಹಳೆಯ ತೇಪೆ: ಚೌಕವಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಸುತ್ತಲೂ ಬಿಡದೆ ಬೆಸೆದದ್ದು. ಒಳ್ಳೆಯ ಕೈಯ ಕೆಲಸ. ಮೂಲೆ ಚೂಪಾಗಿದ್ದರೆ ಅಲ್ಲಿಂದ ಬಿರುಕು ಹರಿಯುತ್ತದಂತೆ.

ಮುಂದಿನದು ಕಂಟೇನರ್‌ಗಳಿಗೆ ರೂಪ ಕೊಡುವ ಅಂಗಳ. ಗ್ರೈಂಡರ್ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನಲವತ್ತಡಿಯ ಹೈಕ್ಯೂಬ್ ಒಂದಕ್ಕೆ ಮೂರು ಕಿಟಕಿ ಕತ್ತರಿಸಿದ್ದರು. ಮೇಲಿನ ಭಾರವನ್ನು ಮುಖ್ಯವಾಗಿ ಹೊರುವುದು ನಾಲ್ಕು ಮೂಲೆಗಂಬ. ಅವು ತಿರುಚಿಕೊಳ್ಳದಂತೆ ಹಿಡಿಯುವುದು ಅಲೆಗೋಡೆ. ಗೋಡೆಯನ್ನು ಕತ್ತರಿಸಿದಷ್ಟೂ ಆ ಹಿಡಿತ ಹೋಗುತ್ತದೆ. ಆದ್ದರಿಂದ ಪ್ರತಿ ಕಿಟಕಿಯ ಸುತ್ತ ಚೌಕಕೊಳವೆಯ ಚೌಕಟ್ಟು ಬೆಸೆದಿದ್ದರು. ಹೈಕ್ಯೂಬೇ ಏಕೆ ಎಂದು ಕೇಳಿದ್ದಕ್ಕೆ ಉತ್ತರ ಒಳಗೆ ಹೋದಾಗಲೇ ಸಿಕ್ಕಿತು. ಸಾಮಾನ್ಯ ಪೆಟ್ಟಿಗೆಯ ಒಳ ಎತ್ತರ 2.39 ಮೀಟರ್. ಶಾಖ ತಡೆಯುವ ಪದರ, ಒಳಛಾವಣಿ, ಫ್ಯಾನು ಬಂದ ಮೇಲೆ ಎತ್ತರದವರಿಗೆ ತಲೆ ತಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹೊರಗೋಡೆ ಮುಟ್ಟಲಾಗದಷ್ಟು ಕಾದಿತ್ತು. ರಾತ್ರಿ ಅದೇ ಉಕ್ಕು ಬೇಗ ತಣಿದು ಒಳಗಿನ ತೇವವೆಲ್ಲ ಛಾವಣಿಯಲ್ಲಿ ಹನಿಗಟ್ಟುತ್ತದೆ. ಶಾಖದ ಪದರ, ಎದುರುಬದುರು ಗಾಳಿಕಿಂಡಿ ಎರಡೂ ಇಲ್ಲದ ಕಂಟೇನರಿನಲ್ಲಿ ಯಾರನ್ನೂ ಕೂರಿಸಿ ದುಡಿಸಬಾರದು.

ಶೆಡ್ಡಿನೊಳಗೆ ಪೋರ್ಟಾ ಕ್ಯಾಬಿನ್‌ಗಳು. ಇವು ಹುಟ್ಟಿನಿಂದಲೇ ನೆಲದವು. ಕಬ್ಬಿಣದ ಚಾನೆಲ್ಲಿನ ತಳ, ಚೌಕಕೊಳವೆಯ ಕಂಬ, ಗೋಡೆಗೆ ಪಫ್ ಪ್ಯಾನೆಲ್. ಒಂದು ತುಂಡನ್ನು ಅಡ್ಡ ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದರು: ಎರಡು ಕಡೆ ಬಣ್ಣ ಹಾಕಿದ ಅರ್ಧ ಮಿಲಿಮೀಟರ್ ಶೀಟು, ನಡುವೆ 50 ಮಿಲಿಮೀಟರ್ ಹಳದಿ ನೊರೆ. ನೊರೆಯ ಸಾಂದ್ರತೆ ಘನಮೀಟರಿಗೆ 40 ಕಿಲೋ ಇರಬೇಕು. ಕಡಿಮೆ ಸಾಂದ್ರತೆಯದು ಅಗ್ಗ, ನೋಡಲು ಎರಡೂ ಒಂದೇ. ಉಗುರಿನಿಂದ ಒತ್ತಿದಾಗ ಅಲ್ಲಿಟ್ಟಿದ್ದ ಎರಡು ತುಂಡುಗಳಲ್ಲಿ ಒಂದು ಕುಸಿಯಿತು, ಇನ್ನೊಂದು ಕುಸಿಯಲಿಲ್ಲ. ತೂಕ ಹಾಕಿ ನೋಡುವುದು ಇನ್ನೂ ಖಚಿತ, ತಕ್ಕಡಿಯೂ ಪಕ್ಕದಲ್ಲೇ ಇತ್ತು. ಸೆಕ್ಯೂರಿಟಿ ಕ್ಯಾಬಿನ್, ಸೈಟ್ ಆಫೀಸು, ಶೌಚಾಲಯ ಎಲ್ಲ ಇದೇ ಬಗೆ. ಶೌಚಾಲಯದ ನೆಲಕ್ಕೆ ಮಾತ್ರ ಪ್ಲೈವುಡ್ ಬಿಟ್ಟು ಸಿಮೆಂಟ್ ಬೋರ್ಡು ಹಾಕುತ್ತಿದ್ದರು.

ಕೊನೆಯ ಕ್ಯಾಬಿನ್ ಮುಂದೆ ನಾನು ತಡೆದು ನಿಂತೆ. ಕಟ್ಟಡ ಕಾರ್ಮಿಕರು ಮಲಗಲು ಮಾಡುತ್ತಿದ್ದ ಕೋಣೆ, ಒಂದರ ಮೇಲೊಂದು ಮಂಚ. ಕಾರ್ಮಿಕರಿಗೆ ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಬಾಡಿಗೆಯಿಲ್ಲದೆ ವಸತಿ, ಪ್ರತ್ಯೇಕ ಅಡುಗೆ ಜಾಗ, ಸ್ನಾನ ಶೌಚದ ವ್ಯವಸ್ಥೆ ಕೊಡಬೇಕೆಂದು 1996ರಲ್ಲೇ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ನಗರದಲ್ಲಿ ಎಷ್ಟೋ ಕಡೆ ಅದು ಇನ್ನೂ ನೀಲಿ ಟಾರ್ಪಾಲಿನ ಗುಡಿಸಲೇ. ಇಲ್ಲಿ ಗೋಡೆಗೆ ಪಫ್ ಬದಲು ರಾಕ್‌ವೂಲ್ ತುಂಬುತ್ತಿದ್ದರು. ಪಫ್ ನೊರೆಗೆ ಬೆಂಕಿ ಬಿದ್ದರೆ ವಿಷದ ಹೊಗೆ ಏಳುತ್ತದೆ, ರಾಕ್‌ವೂಲ್ ಉರಿಯುವುದಿಲ್ಲ. ಜನ ನಿದ್ದೆ ಮಾಡುವ ಜಾಗದಲ್ಲಿ ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿಲ್ಲ. ಎರಡು ತುದಿಗೂ ಬಾಗಿಲಿತ್ತು. ವಿದ್ಯುತ್ ಬೋರ್ಡಿನಿಂದ ಅರ್ಥಿಂಗ್ ತಂತಿ ಹೊರಗೆ ಬಂದಿತ್ತು. ಉಕ್ಕಿನ ಮನೆಗೆ ಅದಿಲ್ಲದೆ ಕರೆಂಟು ಕೊಡುವುದು ಜೀವದ ಜೊತೆ ಆಟ. ಕೊಳ್ಳುವ ಗುತ್ತಿಗೆದಾರರು ಇಷ್ಟನ್ನೂ ಕೇಳಿ ಮಾಡಿಸಿಕೊಳ್ಳುತ್ತಾರೆಯೇ ಎಂದೆ. “ಕೆಲವರು ಕೇಳ್ತಾರೆ. ಕೇಳದವರಿಗೂ ಮಲಗೋ ರೂಮಿಗೆ ನಾವು ಪಫ್ ಹಾಕಲ್ಲ. ಆರ್ಡರ್ ಹೋದರೂ ಹೋಗಲಿ” ಎಂದರು. ಆ ಮಾತಿಗೆ ನಾನು ಅಲ್ಲೇ ಕೈಮುಗಿದೆ.

ಆಫೀಸಿನಲ್ಲಿ ಕಾಗದ ನೋಡುವ ಸರದಿ. ವಿದೇಶಿ ಕಂಟೇನರ್‌ಗಳು ಸರಕು ತಂದು ಮರಳಿ ಹೋಗುವ ಷರತ್ತಿನ ಮೇಲೆ ಸುಂಕವಿಲ್ಲದೆ ದೇಶದೊಳಗೆ ಬರುತ್ತವೆ. ಸಾಮಾನ್ಯವಾಗಿ 6 ತಿಂಗಳೊಳಗೆ ಹೊರಗೆ ಹೋಗಬೇಕು. ಇಲ್ಲೇ ಮಾರುವುದಾದರೆ ಕಸ್ಟಮ್ಸ್ ಸುಂಕ ಕಟ್ಟಿರಬೇಕು. ಹಾಗೆ ಕಟ್ಟಿದ ದಾಖಲೆ, ಬಿಲ್ ಆಫ್ ಎಂಟ್ರಿ, ಜಿಎಸ್‌ಟಿ ಬಿಲ್ಲು ಇವುಗಳಲ್ಲಿ ಬಾಗಿಲ ಮೇಲಿದ್ದ ಅದೇ ನಂಬರು ಇರಬೇಕು. ಅಣ್ಣ ಫೋಟೊ ತೆಗೆದು ಹೋಲಿಸಿ ನೋಡಿದ, ಹೊಂದಿತು. ಕಾಗದವಿಲ್ಲದೆ ಅಗ್ಗಕ್ಕೆ ಸಿಗುವ ಪೆಟ್ಟಿಗೆ ನಾಳೆ ತೋಟದ ಬಾಗಿಲಿಗೆ ಅಧಿಕಾರಿಗಳನ್ನು ಕರೆತಂದೀತು.

ರಿಪೇರಿಯ ಚೀಟಿಗೆ ಇಬ್ಬರೂ ಸಹಿ ಹಾಕಿದರು: ಗ್ಯಾಸ್ಕೆಟ್ಟು, ಛಾವಣಿ ಮತ್ತು ತಳದ ತೂತು, ಒಂದು ಅಡ್ಡಪಟ್ಟಿ, ಕಲೆಯಾದ ಹಲಗೆ, ಒಳಚಿಲಕದ ಸಣ್ಣ ಬಾಗಿಲು. ಬಣ್ಣ ಹೊಡೆಯುವ ಮೊದಲು ಬಂದು ಇನ್ನೊಮ್ಮೆ ನೋಡುವುದು ಎಂದು ಕೊನೆಯಲ್ಲಿ ಸೇರಿಸಿದರು. ಮುಂಗಡ ಕೊಟ್ಟಾಯಿತು. ಎದ್ದು ಹೊರಡುವಾಗ ಸೂಪರ್‌ವೈಸರ್ ಒಂದು ಹಾಳೆ ಕೊಟ್ಟರು, ತೋಟದಲ್ಲಿ ಸಿದ್ಧವಿರಬೇಕಾದದ್ದರ ಪಟ್ಟಿ. ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ಕಟ್ಟೆ, ಕೊಳವೆಮಟ್ಟ ಹಿಡಿದು ಒಂದೇ ಮಟ್ಟಕ್ಕೆ ತಂದದ್ದು, ಅಡಿಯಲ್ಲಿ ಗಾಳಿಯಾಡುವಷ್ಟು ನೆಲದಿಂದ ಎತ್ತರ. ಹೈಡ್ರಾ ನಿಲ್ಲಲು ಗಟ್ಟಿ ನೆಲ. ಮೇಲೆ ಕರೆಂಟಿನ ತಂತಿ ಇರಬಾರದು. ಟ್ರೈಲರ್ ತಿರುಗುವಷ್ಟು ದಾರಿ ಇರಬೇಕು.

ಕೊನೆಯ ಸಾಲು ಓದಿ ಅಣ್ಣ ಯೋಚನೆಗೆ ಬಿದ್ದ. ಅವನ ತೋಟಕ್ಕೆ ಕೆರೆ ಏರಿಯ ಮೇಲೆ ಹೋಗಬೇಕು, ತೂಬಿನ ಹತ್ತಿರ ದಾರಿ ಹಠಾತ್ತನೆ ತಿರುಗುತ್ತದೆ. ಟ್ರೈಲರ್ ಬದಲು ಚಿಕ್ಕ ಲಾರಿಯ ಮೇಲೆ ಇಪ್ಪತ್ತಡಿಯದನ್ನು ತರಬಹುದೇ ಎಂದು ಕೇಳಿದ. ಏರಿಯ ಅಗಲ, ತಿರುವಿನ ಒಳಮೂಲೆಯಿಂದ ಹೊರಮೂಲೆಗೆ ಇರುವ ಅಂತರ ಎರಡನ್ನೂ ಟೇಪು ಹಿಡಿದು ಅಳೆಸಿ, ಒಂದು ವಿಡಿಯೊ ತೆಗೆಸಿ ಕಳಿಸಿ, ನಮ್ಮ ಡ್ರೈವರು ನೋಡಿ ಹೇಳುತ್ತಾನೆ ಎಂದರು. ಅಣ್ಣ ಅಲ್ಲಿಂದಲೇ ಊರಿಗೆ ಫೋನು ಹಚ್ಚಿ, ಟೇಪು ತೆಗೆದುಕೊಂಡು ತೂಬಿನ ಹತ್ತಿರ ಹೋಗಲು ಮಗನಿಗೆ ಹೇಳಿದ.